ಡೆಸ್ಕ್‌ಟಾಪ್ ಸಪೋರ್ಟ್‌ನಿಂದ ಕ್ಲೌಡ್‌ಗೆ: ಹಳೆಯ ಟಿಕೆಟ್‌ಗಳೇ ನನ್ನ ಸಿಲಬಸ್

ಕ್ಲೌಡ್ ಕಡೆ ಹೋಗಬೇಕು ಅಂದುಕೊಂಡ ಸಪೋರ್ಟ್‌ನವರು ಮೊದಲು ಕೇಳುವುದು "ಯಾವ ಸರ್ಟಿಫಿಕೇಷನ್ ಮಾಡಲಿ?" ಅಂತ. ನಾನು ಶುರು ಮಾಡಿದ್ದು ನಾನೇ ಕ್ಲೋಸ್ ಮಾಡಿದ್ದ ಹಳೆಯ ಟಿಕೆಟ್‌ಗಳಿಂದ, ಅಂದರೆ ಬಳಕೆದಾರರು ದಾಖಲಿಸಿದ ದೂರುಗಳಿಂದ. ಪೇಪರ್ ಜಾಮ್, ಕೀಬೋರ್ಡ್ ಬದಲಾವಣೆ ಇಂಥವನ್ನು ಬದಿಗಿಟ್ಟರೆ, ಉಳಿದವುಗಳಲ್ಲಿ ಬಹುಪಾಲು ಬಂದು ನಿಲ್ಲುತ್ತಿದ್ದುದು ಎರಡೇ ಕಡೆ: ನೆಟ್‌ವರ್ಕ್, ಇಲ್ಲವೇ ಪರ್ಮಿಷನ್. ಕ್ಲೌಡ್‌ನಲ್ಲೂ ದಿನಾ ತಲೆ ತಿನ್ನುವುದು ಇವೆರಡೇ.

ಲ್ಯಾಪ್‌ಟಾಪ್‌ನಲ್ಲಿ 169.254 ಅಂತ ಶುರುವಾಗುವ ಐಪಿ ಕಂಡರೆ ಐಪಿ ಹಂಚುವ ಡಿಎಚ್‌ಸಿಪಿಯಿಂದ ವಿಳಾಸ ಸಿಕ್ಕಿಲ್ಲ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ? ಅದೇ ಸಾಲಿನ 169.254.169.254 ಅನ್ನು ಅಮೆಜಾನ್‌ನ ಕ್ಲೌಡ್ ಎಡಬ್ಲ್ಯೂಎಸ್, ಮೈಕ್ರೋಸಾಫ್ಟ್‌ನ ಕ್ಲೌಡ್ ಅಜೂರ್ ಎರಡೂ ಬೇರೊಂದು ಕೆಲಸಕ್ಕೆ ಇಟ್ಟುಕೊಂಡಿವೆ. ವರ್ಚುವಲ್ ಮಷಿನ್ (ಕ್ಲೌಡ್‌ನಲ್ಲಿ ಓಡುವ ಬಾಡಿಗೆ ಕಂಪ್ಯೂಟರ್) ತನ್ನ ವಿವರಗಳನ್ನು ಕೇಳಿ ಪಡೆಯುವುದು ಅಲ್ಲಿಂದ. ಇದನ್ನು ಓದಿದ ದಿನ ನನಗೆ ಅರ್ಧ ಭಯ ಹೋಯಿತು. ಗೊತ್ತಿರುವ ನೆಟ್‌ವರ್ಕೇ ಇಲ್ಲೂ ಇರುವುದು.

ಸರ್ವರ್ ಕನೆಕ್ಟ್ ಆಗುತ್ತಿಲ್ಲ ಅಂತ ಯಾರಾದರೂ ಬಂದರೆ ನಾನು ಈಗಲೂ ಮೊದಲು ಕೇಳುವುದು ಎರರ್‌ನ ಪೂರ್ತಿ ಸಾಲು. "ಕನೆಕ್ಷನ್ ರಿಫ್ಯೂಸ್ಡ್" ಅಂದರೆ ಸಾಮಾನ್ಯವಾಗಿ ಮಷಿನ್‌ವರೆಗೆ ತಲುಪಿದ್ದೇವೆ, ಆ ಪೋರ್ಟ್‌ನಲ್ಲಿ (ಸರ್ವಿಸ್‌ನ ಬಾಗಿಲ ನಂಬರ್) ಯಾವ ಸರ್ವಿಸೂ ಓಡುತ್ತಿಲ್ಲ. "ಟೈಮ್ಡ್ ಔಟ್" ಅಂದರೆ ಬಹುತೇಕ ದಾರಿಯಲ್ಲೇ ಯಾವುದೋ ಫೈರ್‌ವಾಲ್ ಪ್ಯಾಕೆಟ್ಟನ್ನು ಸುಮ್ನೆ ಎಸೆದಿದೆ, ಇಲ್ಲವೇ ದಾರಿಯೇ ಇಲ್ಲ. ಆಗ ಸೆಕ್ಯುರಿಟಿ ಗ್ರೂಪ್‌ನಲ್ಲಿ (ಮಷಿನ್‌ಗೆ ಹಾಕುವ ಫೈರ್‌ವಾಲ್) ಪೋರ್ಟ್ ತೆರೆದಿದೆಯಾ ನೋಡುತ್ತೇನೆ. ದೂರದಿಂದ ಲಿನಕ್ಸ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ 22, ವಿಂಡೋಸ್‌ಗೆ ಲಾಗಿನ್ ಆಗುವ ಆರ್‌ಡಿಪಿಗೆ 3389. ಆಮೇಲೆ ಪಬ್ಲಿಕ್ ಐಪಿ ಇದೆಯಾ, ರೂಟ್ ಟೇಬಲ್‌ನಿಂದ (ಪ್ಯಾಕೆಟ್ ಯಾವ ದಾರಿ ಹಿಡಿಯಬೇಕೆಂಬ ಪಟ್ಟಿ) ಇಂಟರ್ನೆಟ್ ಗೇಟ್‌ವೇಗೆ ದಾರಿ ಇದೆಯಾ. ಕೊನೆಗೆ ನೆಟ್‌ವರ್ಕ್ ಎಸಿಎಲ್, ಅಂದರೆ ಇಡೀ ಸಬ್‌ನೆಟ್‌ಗೆ (ನೆಟ್‌ವರ್ಕ್‌ನ ಒಂದು ತುಂಡಿಗೆ) ಹಾಕುವ ಫೈರ್‌ವಾಲ್. ಸೆಕ್ಯುರಿಟಿ ಗ್ರೂಪ್ ಒಳಗೆ ಬಿಟ್ಟ ಕನೆಕ್ಷನ್‌ನ ಉತ್ತರವನ್ನು ತಾನೇ ಹೊರಗೆ ಬಿಡುತ್ತದೆ. ಎಸಿಎಲ್‌ಗೆ ಆ ನೆನಪಿಲ್ಲ, ವಾಪಸ್ ಹೋಗುವುದಕ್ಕೂ ಬೇರೆ ರೂಲ್ ಬರೆಯಬೇಕು. ಕೇಬಲ್‌ನಿಂದ ಹಿಡಿದು ಒಂದೊಂದೇ ಹಂತ ನೋಡುತ್ತಾ ಹೋಗುವ ಹಳೆಯ ಅಭ್ಯಾಸವೇ ಇದು. ಕೇಬಲ್ ಮಾತ್ರ ಕೈಗೆ ಸಿಗುವುದಿಲ್ಲ.

ಪರ್ಮಿಷನ್ ವಿಷಯವೂ ಹಾಗೇ. ಆಫೀಸಿನ ಅಕೌಂಟ್‌ಗಳನ್ನು ನೋಡಿಕೊಳ್ಳುವ ಆಕ್ಟಿವ್ ಡೈರೆಕ್ಟರಿಯಲ್ಲಿ ಒಬ್ಬೊಬ್ಬರಿಗೆ ಕೊಡದೆ ಗ್ರೂಪ್‌ಗೆ ಕೊಟ್ಟು ರೂಢಿಯಿದ್ದವರಿಗೆ ಐಎಎಂ (ಕ್ಲೌಡ್‌ನಲ್ಲಿ ಪರ್ಮಿಷನ್ ಕೊಡುವ ವ್ಯವಸ್ಥೆ) ಕಷ್ಟ ಆಗುವುದಿಲ್ಲ. ನಾನು ಹೊಸದಾಗಿ ಕಲಿಯಬೇಕಾದದ್ದು ರೋಲ್. ಮಷಿನ್‌ಗೂ ಪರ್ಮಿಷನ್ ಕೊಡಬಹುದು, ಅದೂ ಸ್ವಲ್ಪ ಹೊತ್ತು ಮಾತ್ರ ನಡೆಯುವ ಕೀ ಮೂಲಕ. ಎಡಬ್ಲ್ಯೂಎಸ್‌ನ ವರ್ಚುವಲ್ ಮಷಿನ್ ಆದ ಇಸಿ2ಗೆ ಆ ಕೀ ಸಿಗುವುದೂ ಮೇಲೆ ಹೇಳಿದ 169.254.169.254 ವಿಳಾಸದಿಂದಲೇ. ಇನ್ನೊಂದು, ಎಡಬ್ಲ್ಯೂಎಸ್‌ನಲ್ಲಿ ಎಲ್ಲಾದರೂ ಒಂದು ಪಾಲಿಸಿ ಡಿನೈ ಅಂದಿದ್ದರೆ ಬೇರೆ ಎಷ್ಟು ಅಲೌ ಇದ್ದರೂ ಲೆಕ್ಕಕ್ಕಿಲ್ಲ.

ನಿಜವಾಗಿ ನನ್ನನ್ನು ದಾಟಿಸಿದ್ದು ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಬರೆದ ಒಂದು ಸ್ಕ್ರಿಪ್ಟ್. ಕೆಲಸ ಬಿಟ್ಟು ಹೋದವರ ಅಕೌಂಟ್ ಡಿಸೇಬಲ್ ಮಾಡುವುದು, ಗ್ರೂಪ್‌ಗಳಿಂದ ತೆಗೆಯುವುದು, ಮೇಲ್‌ಬಾಕ್ಸನ್ನು ಶೇರ್ಡ್ ಮಾಡುವುದು, ಇದೆಲ್ಲ ಕೈಯಲ್ಲೇ ಮಾಡುತ್ತಿದ್ದೆವು. ಅದನ್ನು ಸ್ಕ್ರಿಪ್ಟ್‌ಗೆ ಹಾಕಿ, ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಇಟ್ಟೆ. ಇಂಟರ್‌ವ್ಯೂನಲ್ಲಿ ಸರ್ಟಿಫಿಕೇಟ್ ಬಗ್ಗೆ ಜಾಸ್ತಿ ಕೇಳಲಿಲ್ಲ. ಸ್ಕ್ರಿಪ್ಟ್ ಮಧ್ಯದಲ್ಲಿ ನಿಂತರೆ, ಮತ್ತೆ ಓಡಿಸಿದರೆ ಏನಾಗುತ್ತದೆ ಅಂತ ಕೇಳಿದರು. ಕ್ಲೌಡ್‌ನ ಸರ್ವರ್, ನೆಟ್‌ವರ್ಕ್‌ಗಳನ್ನು ಕೋಡ್ ಬರೆದು ಕಟ್ಟುವ ಟೆರಾಫಾರ್ಮ್ ಕಲಿಯುವಾಗ ಗೊತ್ತಾಯಿತು, ಆ ಕೆಲಸದ ತಿರುಳೇ ಈ ಪ್ರಶ್ನೆ.

ಅಭ್ಯಾಸಕ್ಕೆ ಸ್ವಂತ ಅಕೌಂಟ್ ತೆರೆಯಿರಿ. ಅಕೌಂಟ್‌ನ ಮುಖ್ಯ (root) ಲಾಗಿನ್‌ಗೆ ಎಂಎಫ್ಎ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಪರಿಶೀಲನೆ), ಆಮೇಲೆ ಬಜೆಟ್ ಅಲರ್ಟ್, ಉಳಿದದ್ದೆಲ್ಲ ನಂತರ. ಅಲರ್ಟ್ ಬಂದರೂ ಖರ್ಚು ತಾನಾಗಿ ನಿಲ್ಲುವುದಿಲ್ಲ ಅನ್ನುವುದೂ ನೆನಪಿರಲಿ. ಒಳಗಿನ ಮಷಿನ್‌ಗಳನ್ನು ಇಂಟರ್ನೆಟ್‌ಗೆ ಬಿಡುವ ಎನ್ಎಟಿ ಗೇಟ್‌ವೇ ಬಳಸದಿದ್ದರೂ ಗಂಟೆ ಲೆಕ್ಕದಲ್ಲಿ ದುಡ್ಡು ಎಳೆಯುತ್ತದೆ, ಲ್ಯಾಬ್ ಮುಗಿದ ಕೂಡಲೇ ಅಳಿಸಿ. ವಿಪಿಸಿಯನ್ನು (ಕ್ಲೌಡ್‌ನಲ್ಲಿ ನಿಮ್ಮದೇ ಖಾಸಗಿ ನೆಟ್‌ವರ್ಕ್) ವಿಝಾರ್ಡ್ ಬಿಟ್ಟು ಕೈಯಲ್ಲೇ ಕಟ್ಟಿ. ಆಮೇಲೆ ಬೇಕಂತಲೇ ರೂಟ್ ಟೇಬಲ್‌ನ ಒಂದು ದಾರಿ ಅಳಿಸಿ, ಎರರ್ ಹೇಗೆ ಬದಲಾಗುತ್ತದೆ ನೋಡಿ. 256 ವಿಳಾಸಗಳಿರುವ /24 ಸಬ್‌ನೆಟ್‌ನಲ್ಲಿ ಎಡಬ್ಲ್ಯೂಎಸ್ 5 ವಿಳಾಸ ತಾನೇ ಇಟ್ಟುಕೊಂಡು 251 ಮಾತ್ರ ಕೊಡುತ್ತದೆ ಅನ್ನುವಂಥದ್ದು ಹೀಗೆ ಮಾಡಿದರೆ ಮರೆಯುವುದಿಲ್ಲ.

ಲಿನಕ್ಸ್ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಕಲಿಯಲೇಬೇಕು. ಸರ್ಟಿಫಿಕೇಷನ್ ಬೇಕೇ ಬೇಕು ಅಂದರೆ, ವಿಂಡೋಸ್ ಹಿನ್ನೆಲೆಯವರಿಗೆ ಅಜೂರ್ ಅಡ್ಮಿನಿಸ್ಟ್ರೇಟರ್ ಪರೀಕ್ಷೆಯಾದ ಎಝಡ್-104 ಹತ್ತಿರ. ವರ್ಷಕ್ಕೊಮ್ಮೆ ಆನ್‌ಲೈನ್‌ನಲ್ಲಿ ಪುಕ್ಕಟೆ ನವೀಕರಿಸಬಹುದು.

ಹೊರಗೆ ಅರ್ಜಿ ಹಾಕುವ ಮೊದಲು ನಿಮ್ಮದೇ ಕಂಪನಿಯ ಕ್ಲೌಡ್ ಟೀಮನ್ನು ಮಾತಾಡಿಸಿ. ಟ್ಯಾಗ್ ಹಾಕುವುದು, ಹಳೆಯ ಸ್ನ್ಯಾಪ್‌ಶಾಟ್ (ಡಿಸ್ಕ್‌ನ ಪ್ರತಿ) ಹುಡುಕುವುದು, ಆಕ್ಸೆಸ್ ರಿಕ್ವೆಸ್ಟ್ ನೋಡುವುದು ಅಲ್ಲಿ ಯಾರಿಗೂ ಇಷ್ಟವಿಲ್ಲದ ಕೆಲಸ. ನಾನು ಅದನ್ನೇ ಕೇಳಿ ತೆಗೆದುಕೊಂಡೆ. ಟೀಮ್ ಬದಲಾಯಿಸುವ ಮಾತು ಬಂದಾಗ ಸಂಬಳದ ಜೊತೆ ಆನ್‌ಕಾಲ್ ಸರದಿಯನ್ನೂ ಕೇಳಿ ತಿಳಿದುಕೊಳ್ಳಿ. ಸಪೋರ್ಟ್‌ನಲ್ಲಿ ಶಿಫ್ಟ್ ಮುಗಿದರೆ ಮುಗಿಯಿತು, ಇಲ್ಲಿ ಸರದಿ ಇರುವ ವಾರ ಪೂರ್ತಿ ಫೋನ್ ದಿಂಬಿನ ಪಕ್ಕ ಇರಬೇಕು.