ಕೋಲಾರದ ಕೆರೆ ಅಳೆಯುವ ಮುನ್ನ ಸಿಆರ್‌ಎಸ್ ನೋಡಿ

ಎಂಎಸ್ಸಿ ಪ್ರಾಜೆಕ್ಟ್‌ಗೆ ಪೈಥಾನ್‌ನಲ್ಲಿ ನಕ್ಷೆ ಕೆಲಸ ಶುರು ಮಾಡಿದವರಿಗೆ ಒಂದು ಸಲಹೆ. ಮೊದಲು ಸಿಆರ್‌ಎಸ್ ನೋಡಿ, ಅಂದರೆ ನಕ್ಷೆಯ ಅಂಕಿಗಳು ಭೂಮಿಯ ಮೇಲಿನ ಜಾಗವನ್ನು ಯಾವ ಪದ್ಧತಿಯಲ್ಲಿ ಹೇಳುತ್ತವೆ ಅನ್ನುವುದನ್ನು.

ನಾನು ಜಿಯೋಪಾಂಡಾಸ್ ಎಂಬ ಪೈಥಾನ್ ನಕ್ಷೆ ಲೈಬ್ರರಿಯಲ್ಲಿ ಕೋಲಾರದ ಕೆರೆಗಳ ಫೈಲ್ ತೆರೆದು ವಿಸ್ತೀರ್ಣ ಕೇಳಿದೆ. ಒಂದು ದೊಡ್ಡ ಕೆರೆಗೆ 0.00008 ಅಂತ ಉತ್ತರ ಬಂತು! ಕೆರೆ ಬತ್ತಿರಲಿಲ್ಲ, ಲೆಕ್ಕ ಡಿಗ್ರಿಯಲ್ಲಿತ್ತು ಅಷ್ಟೇ. ಪ್ರತಿ ಸಿಆರ್‌ಎಸ್‌ಗೂ ಇಪಿಎಸ್‌ಜಿ ಅನ್ನುವ ಒಂದು ಸಂಖ್ಯೆ ಇರುತ್ತದೆ. ನನ್ನ ಫೈಲಿನದು 4326, ಅಂದರೆ ಅಕ್ಷಾಂಶ, ರೇಖಾಂಶ. ಅದರಲ್ಲಿ ಚದರ ಮೀಟರ್ ಸಿಗುವುದಿಲ್ಲ. ಮೊದಲು ಯುಟಿಎಂಗೆ ಬದಲಾಯಿಸಬೇಕು. ಅದು ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚಿ ಮೀಟರ್‌ನಲ್ಲಿ ಅಳೆಯುವ ಪದ್ಧತಿ.

ಇಲ್ಲೇ ನಮ್ಮ ಕಡೆಯವರು ಜಾಸ್ತಿ ಎಡವುವುದು. ಕರ್ನಾಟಕ ಅಂದ ತಕ್ಷಣ ಎಲ್ಲರೂ ವಲಯ 43 ಹಾಕುತ್ತಾರೆ, ಅಂದರೆ ಇಪಿಎಸ್‌ಜಿ 32643. ತುಮಕೂರು, ಚಿಕ್ಕಬಳ್ಳಾಪುರ ಊರುಗಳಿಗೆ ಅದು ಸರಿ. ಆದರೆ ಆ ವಲಯ 78 ಡಿಗ್ರಿ ಪೂರ್ವಕ್ಕೆ ಮುಗಿಯುತ್ತದೆ. ಮಾಲೂರು ಆ ಗೆರೆಯ ಪಶ್ಚಿಮಕ್ಕೆ, ಕೋಲಾರ, ಮುಳಬಾಗಿಲು ಪೂರ್ವಕ್ಕೆ. ಕೋಲಾರಕ್ಕೆ ವಲಯ 44, ಅಂದರೆ 32644 ಬೇಕು. ಜಿಲ್ಲೆ ಎರಡೂ ಕಡೆ ಹರಡಿದ್ದರೆ ಒಂದನ್ನೇ ಆರಿಸಿ, ಪೂರ್ತಿ ಅದರಲ್ಲೇ ಮಾಡಿ. ಗಡಿಯಿಂದ ಸ್ವಲ್ಪ ಹೊರಗಿದ್ದರೆ ತಪ್ಪು ತುಂಬಾ ಚಿಕ್ಕದು. ಬೇರೆ ಬೇರೆ ವಲಯದ ನಕ್ಷೆ ಪದರಗಳನ್ನು ಬೆರೆಸಿದರೆ ಮಾತ್ರ ಗೋಳು.

ಇನ್ನೊಂದು ವಿಷಯ. 'ಸೆಟ್ ಸಿಆರ್‌ಎಸ್' ಬರೀ ಹೆಸರಿನ ಚೀಟಿ ಅಂಟಿಸುತ್ತದೆ, ಅಂಕಿ ಹಾಗೇ ಇರುತ್ತದೆ. ನಿಜವಾಗಿ ಬದಲಾಯಿಸುವುದು 'ಟು ಸಿಆರ್‌ಎಸ್'. ಇದು ಗೊತ್ತಿಲ್ಲದೆ ನನ್ನ ಎರಡು ಸಂಜೆ ಸುಮ್ನೆ ಹಾಳಾದವು.

ಉತ್ತರ ಬಂದ ಮೇಲೆ 4047ರಿಂದ ಭಾಗಿಸಿ, ಎಕರೆ ಸಿಗುತ್ತದೆ. ಊರಿನ ಹಿರಿಯರಿಗೆ ತೋರಿಸಿ. ಕೆರೆ ಎಷ್ಟು ಎಕರೆ ಅಂತ ಅವರಿಗೆ ಅಂದಾಜು ಇದ್ದೇ ಇರುತ್ತೆ, ಅಲ್ವಾ?