ಉಕ್ಕು ಹಿಗ್ಗಿದ್ದು 1.5%, ಅದರೊಳಗಿನ ಗ್ರೇನ್‌ಗಳು ಹಿಗ್ಗಿದ್ದು ಎಷ್ಟು?

316ಎಲ್ ಸ್ಟೇನ್‌ಲೆಸ್ ಸ್ಟೀಲಿನ ಒಂದು ಚಿಕ್ಕ ಪಟ್ಟಿಯನ್ನು ಎಳೆದು 1.5% ಉದ್ದ ಮಾಡಿದೆ. ಟೆನ್ಸೈಲ್ ಮಷಿನ್ ಕೊಡುವುದು ಆ ಒಂದೇ ಸಂಖ್ಯೆ. ಆದರೆ ಪಟ್ಟಿ ಒಂದೇ ಮುದ್ದೆಯಲ್ಲ. ಕಲ್ಲುಸಕ್ಕರೆ ಹರಳುಗಳನ್ನು ಸಂದಿಲ್ಲದೆ ಜೋಡಿಸಿದ ಹಾಗೆ, ಅದು ಗ್ರೇನ್‌ಗಳ ದೊಡ್ಡ ಗುಂಪು. ನನ್ನ ಪಟ್ಟಿಯಲ್ಲಿ ಒಂದೊಂದು ಗ್ರೇನ್ ಸುಮಾರು 50 ಮೈಕ್ರಾನ್ ಅಗಲ. ಪ್ರತಿಯೊಂದರಲ್ಲೂ ಪರಮಾಣುಗಳ ಸಾಲು ಬೇರೆ ಬೇರೆ ದಿಕ್ಕಿಗೆ ತಿರುಗಿರುತ್ತದೆ. ಎಳೆದಾಗ ಒಂದು ಸುಲಭವಾಗಿ ಜಾರುತ್ತದೆ, ಪಕ್ಕದ್ದು ಬಿಗಿಯಾಗಿ ನಿಲ್ಲುತ್ತದೆ. ಯಾವುದು ಎಷ್ಟು ಹಿಗ್ಗಿತು ಎಂದು ಅಳೆಯಬೇಕಿತ್ತು. ಬಿರುಕು ಹುಟ್ಟುವುದು ಸರಾಸರಿ ಜಾಗದಲ್ಲಲ್ಲ, ಜಾಸ್ತಿ ಹಿಗ್ಗಿದ ಜಾಗದಲ್ಲಿ, ಅಲ್ವಾ?

ಪಟ್ಟಿಯನ್ನು ಪೀಣ್ಯದಲ್ಲಿ ವೈರ್‌ಕಟ್ ಮಾಡಿಸಿದೆ, ಅಂದರೆ ತೆಳು ತಂತಿಯ ವಿದ್ಯುತ್ ಕಿಡಿಗಳಿಂದ ಕತ್ತರಿಸಿದ್ದು. ವೈರ್‌ಕಟ್‌ನಲ್ಲಿ ಮೇಲ್ಮೈ ಕರಗಿ ಮತ್ತೆ ಗಟ್ಟಿಯಾಗಿರುತ್ತದೆ. ಆ ಪದರವನ್ನು ಪೂರ್ತಿ ತೆಗೆಯಬೇಕು. ಎಮೆರಿ ಪೇಪರ್, 3 ಮತ್ತು 1 ಮೈಕ್ರಾನ್ ಡೈಮಂಡ್ ಪೇಸ್ಟ್, ಕೊನೆಗೆ ಕೊಲಾಯ್ಡಲ್ ಸಿಲಿಕಾ (ಅತಿ ಸಣ್ಣ ಸಿಲಿಕಾ ಕಣಗಳು ತೇಲುವ ದ್ರವ). ಇಲ್ಲಿ ಅವಸರ ಮಾಡಿದರೆ ಮುಂದಿನದ್ದೆಲ್ಲ ಕೆಡುತ್ತದೆ. ನಾನು ನೋಡಬೇಕಾದ ಜಾಗದಿಂದ ಒಂದು ಮಿಲಿಮೀಟರ್ ದೂರದಲ್ಲಿ ವಿಕರ್ಸ್ ಮಷಿನ್‌ನಿಂದ (ವಜ್ರದ ಚೌಕ ಪಿರಮಿಡ್ ತುದಿ ಒತ್ತಿ ಗಡಸುತನ ಅಳೆಯುವ ಯಂತ್ರ) 1 ಕೆಜಿ ಭಾರ ಹಾಕಿ ನಾಲ್ಕು ಗುರುತು ಒತ್ತಿದೆ. ಪ್ರತಿ ಸಲ ಅದೇ ಜಾಗಕ್ಕೆ ಬರಲು ಅವೇ ಆಸರೆ. ಆಮೇಲೆ ಇಬಿಎಸ್‌ಡಿ, ಅಂದರೆ ಎಲೆಕ್ಟ್ರಾನ್ ಕಿರಣ ಬಿಟ್ಟು, ಅದು ಚದುರಿ ಬರುವ ವಿನ್ಯಾಸದಿಂದ ಹರಳಿನ ದಿಕ್ಕು ತಿಳಿಯುವ ವಿಧಾನ. ಪಟ್ಟಿಯನ್ನು 70 ಡಿಗ್ರಿ ಓರೆ ಮಾಡಿ, ಪ್ರತಿ ಗ್ರೇನ್ ಯಾವ ದಿಕ್ಕಿಗೆ ತಿರುಗಿದೆ ಎಂಬ ನಕ್ಷೆ ತೆಗೆದುಕೊಂಡೆ.

ಹಿಗ್ಗಿದ್ದನ್ನು ಅಳೆಯುವುದು ಫೋಟೋಗಳಿಂದ. ಎಳೆಯುವ ಮುಂಚೆ ಒಂದು ಸೆಟ್, ಎಳೆದ ಮೇಲೆ ಒಂದು ಸೆಟ್. ಮೇಲ್ಮೈಯ ಚುಕ್ಕಿಗಳು ಎಲ್ಲಿಂದ ಎಲ್ಲಿಗೆ ಸರಿದವು ಎಂದು ಕಂಪ್ಯೂಟರ್ ಹುಡುಕುತ್ತದೆ. ಡಿಜಿಟಲ್ ಇಮೇಜ್ ಕೋರಿಲೇಷನ್ ಎಂದರೆ ಇಷ್ಟೇ. ಆ ಚುಕ್ಕಿಗಳು ರಂಗೋಲಿ ಚುಕ್ಕಿಯ ಹಾಗೆ ಸಾಲಾಗಿ ಇರಬಾರದು, ಒಂದನ್ನು ಇನ್ನೊಂದು ಎಂದು ಕಂಪ್ಯೂಟರ್ ತಪ್ಪು ತಿಳಿಯುತ್ತದೆ. ಗೋಡೆಗೆ ಸುಣ್ಣ ಹೊಡೆಯುವಾಗ ನೆಲಕ್ಕೆ ಸಿಡಿದ ಹನಿಗಳ ಹಾಗೆ ಅಡ್ಡಾದಿಡ್ಡಿ ಇರಬೇಕು. ಅದಕ್ಕೆ ಅದೇ ಕೊಲಾಯ್ಡಲ್ ಸಿಲಿಕಾವನ್ನು ಬಳಸಿದೆ. ಇನ್ನೊಂದು ಸಲ ಸ್ವಲ್ಪವೇ ಉಜ್ಜಿ, ಪೂರ್ತಿ ತೊಳೆಯದೆ, ಅದರ ಕಣಗಳನ್ನು ಮೇಲ್ಮೈಗೆ ಅಂಟಿಕೊಳ್ಳಲು ಬಿಟ್ಟೆ. ಫೋಟೋ ತೆಗೆದ ಸೆಮ್‌ನಲ್ಲಿ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಒಂದು ಪಿಕ್ಸೆಲ್ ಎಂದರೆ ಸುಮಾರು 30 ನ್ಯಾನೋಮೀಟರ್. ಒಂದು ಚುಕ್ಕಿ ಮೂರರಿಂದ ಐದು ಪಿಕ್ಸೆಲ್ ಇದ್ದರೆ ಚೆನ್ನ. 30 ಫೋಟೋಗಳನ್ನು ಜೋಡಿಸಿದಾಗ ಸುಮಾರು 300 ಮೈಕ್ರಾನ್ ಅಗಲದ ಜಾಗ ಸಿಕ್ಕಿತು.

ಈ ಕೆಲಸ ಮಾಡುವವರಿಗೆ ನಾನು ಮೊದಲು ಹೇಳುವ ಮಾತು: ಎಳೆಯುವ ಮುಂಚೆ ಸುಮ್ನೆ ಎರಡು ಸೆಟ್ ಫೋಟೋ ತೆಗೆಯಿರಿ. ಭಾರ ಹಾಕಿಲ್ಲ, ಸ್ಟೇಜ್ (ಪಟ್ಟಿ ಕೂರುವ ಪೀಠ) ಸ್ವಲ್ಪ ಸರಿಸಿದ್ದೀರಿ ಅಷ್ಟೆ. ಆಗ ಸ್ಟ್ರೇನ್, ಅಂದರೆ ಹಿಗ್ಗಿದ ಪ್ರಮಾಣ, ಸೊನ್ನೆ ಬರಬೇಕು. ನನಗೆ ಪ್ರತಿ ಫೋಟೋದ ಮೇಲಂಚಿನಲ್ಲಿ 0.8% ಬಂತು! ನಾನು ಅಳೆಯಬೇಕಿದ್ದ ಸರಾಸರಿಯೇ 1.5%. ಕಾರಣ ಉಕ್ಕಿನಲ್ಲಿರಲಿಲ್ಲ. ಸೆಮ್ ಫೋಟೋವನ್ನು ಒಂದೊಂದೇ ಸಾಲಾಗಿ ಗೀಚುತ್ತದೆ. ಸ್ಟೇಜ್ ಸರಿದ ಕೂಡಲೇ ಸ್ಕ್ಯಾನ್ ಶುರುವಾಗಿತ್ತು. ಪಟ್ಟಿ ಇನ್ನೂ ಕೂದಲೆಳೆಯಷ್ಟಕ್ಕಿಂತ ಎಷ್ಟೋ ಕಡಿಮೆ ಜರುಗುತ್ತಲೇ ಇತ್ತು, ಮೊದಲ ಸಾಲುಗಳು ಸೊಟ್ಟಗಾದವು. ಪ್ರತಿ ಸಲ ಸರಿಸಿದ ಮೇಲೆ ಕಾದೆ. ಒಂದು ನಿಧಾನ ಸ್ಕ್ಯಾನ್ ಬದಲು ಹಲವು ವೇಗದ ಸ್ಕ್ಯಾನ್‌ಗಳ ಸರಾಸರಿ ತೆಗೆದುಕೊಂಡೆ. ವರ್ಧನೆ, ಫೋಕಸ್ ದೂರ ಎರಡನ್ನೂ ಮುಟ್ಟಲಿಲ್ಲ. ಅಂಚುಗಳನ್ನು ಕತ್ತರಿಸಿ ಬಿಸಾಡಿದೆ. ಆಗ ಸುಳ್ಳು ಸ್ಟ್ರೇನ್ 0.3%ಕ್ಕೆ ಇಳಿಯಿತು. ಇದಕ್ಕೇ ಎರಡು ವಾರ ಹೋಯಿತು. ಆ ಎರಡು ವಾರ ಇಲ್ಲದಿದ್ದರೆ ನನ್ನ ನಕ್ಷೆಯನ್ನು ನಾನೇ ನಂಬುತ್ತಿರಲಿಲ್ಲ.

ಎಳೆದ ಮೇಲಿನ ನಕ್ಷೆ ಪರದೆಯ ಮೇಲೆ ಬಂದಾಗ ತುಂಬಾ ಹೊತ್ತು ನೋಡುತ್ತಾ ಕೂತೆ. ಸ್ಟ್ರೇನ್ ಎಲ್ಲೂ ಸಮನಾಗಿ ಹರಡಿರಲಿಲ್ಲ. ತೆಳುವಾದ ಓರೆ ಗೆರೆಗಳಲ್ಲಿ 6–7%, ಎರಡು ಗೆರೆಗಳ ನಡುವೆ ಹೆಚ್ಚುಕಮ್ಮಿ ಏನೂ ಇಲ್ಲ. ಇಸ್ಪೀಟ್ ಕಟ್ಟನ್ನು ಓರೆಯಾಗಿ ತಳ್ಳಿದಾಗ ಎಲೆಗಳು ಒಂದರ ಮೇಲೊಂದು ಜಾರುವ ಹಾಗೆ. ಪಾಲಿಶ್ ಮಾಡಿದ ಲೋಹದ ಮೇಲೆ ಈ ಜಾರುಗೆರೆಗಳನ್ನು ವಿಜ್ಞಾನಿಗಳಾದ ಈವಿಂಗ್ ಮತ್ತು ರೋಸೆನ್‌ಹೈನ್ 1899ರಲ್ಲೇ ಮೈಕ್ರೋಸ್ಕೋಪಿನಲ್ಲಿ ಕಂಡಿದ್ದರು. ಈಗ ಅವುಗಳ ಪಕ್ಕ ಒಂದು ಸಂಖ್ಯೆ ಬರೆಯಲು ಆಗುತ್ತದೆ. ಅತಿ ಗಾಢವಾದ ಗೆರೆ ಇದ್ದದ್ದು ಒಂದು ಟ್ವಿನ್ ಗಡಿಯ (ಎರಡು ಬದಿಯ ಪರಮಾಣು ಸಾಲುಗಳು ಕನ್ನಡಿ ಬಿಂಬದ ಹಾಗೆ ಇರುವ ಗಡಿ) ಪಕ್ಕದಲ್ಲಿ, ಗಡಿಗೆ ಸಮಾನಾಂತರವಾಗಿ.

ಒಂದು ಗ್ರೇನ್ ಮಾತ್ರ ನನ್ನ ನಿದ್ದೆ ಕೆಡಿಸಿತು. ಎಳೆತದ ದಿಕ್ಕಿಗೆ ಗ್ರೇನ್ ಎಷ್ಟು ಸುಲಭವಾಗಿ ಜಾರುತ್ತದೆ ಎನ್ನುವುದಕ್ಕೆ ಷ್ಮಿಡ್ ಫ್ಯಾಕ್ಟರ್ ಎಂಬ ಲೆಕ್ಕ ಇದೆ. ಗರಿಷ್ಠ 0.5. ಈ ಗ್ರೇನಿಗೆ 0.47. ಆದರೂ ಅದು ಅರ್ಧ ಪರ್ಸೆಂಟೂ ಹಿಗ್ಗಿರಲಿಲ್ಲ. 0.41 ಇದ್ದ ಪಕ್ಕದ್ದು ಅದಕ್ಕಿಂತ ನಾಲ್ಕು ಪಟ್ಟು ಹಿಗ್ಗಿತ್ತು. ಕೋರಿಲೇಷನ್ ಮತ್ತೆ ಮಾಡಿದೆ, ಇಬಿಎಸ್‌ಡಿ ಮತ್ತೆ ನೋಡಿದೆ. ಎರಡೂ ಸರಿ ಇದ್ದವು.

ಕೊನೆಗೆ, ಎಲ್ಲ ಅಳತೆ ಮುಗಿದ ಮೇಲೆ, ಮೇಲ್ಮೈಯನ್ನೇ ಉಜ್ಜಿ ತೆಗೆದೆ. ಎಷ್ಟು ಸವೆಯಿತು ಎಂದು ಆ ವಿಕರ್ಸ್ ಗುರುತುಗಳೇ ಹೇಳಿದವು. ಚೌಕ ಗುರುತಿನ ಆಳ ಅದರ ಕರ್ಣದ ಸುಮಾರು ಏಳರಲ್ಲಿ ಒಂದು ಭಾಗ. ಕರ್ಣ 105 ಮೈಕ್ರಾನ್‌ನಿಂದ 49ಕ್ಕೆ ಇಳಿದಾಗ 8 ಮೈಕ್ರಾನ್ ಹೋಗಿತ್ತು. ಮತ್ತೆ ಇಬಿಎಸ್‌ಡಿ ಹಾಕಿದೆ. ಆ ಗ್ರೇನ್ ಇದ್ದ ಜಾಗದಲ್ಲಿ ಈಗ ಬೇರೆಯದೇ ಗ್ರೇನ್ ಇತ್ತು, ಷ್ಮಿಡ್ ಫ್ಯಾಕ್ಟರ್ 0.29. ಮೇಲಿನದು ಬರೀ ದೋಸೆಯಷ್ಟು ತೆಳುವಾದ ಪದರ. ಅಡಿಯಲ್ಲಿದ್ದ ಗಟ್ಟಿ ಗ್ರೇನ್ ಅದನ್ನು ಹಿಡಿದು ನಿಲ್ಲಿಸಿತ್ತು.