ಹಬ್ಬದ ಪೋಸ್ಟರಿಗೆ ದಪ್ಪ ಕನ್ನಡ ಫಾಂಟ್: ಆರಿಸುವುದು ಹೇಗೆ, ಬಳಸುವುದು ಹೇಗೆ

ಹೋದ ದೀಪಾವಳಿಗೆ ಗೆಳತಿಯೊಬ್ಬಳ ಅಂಗಡಿಗೆ ವಾಟ್ಸಾಪ್ ಸ್ಟೇಟಸ್ ಮಾಡಿಕೊಟ್ಟಿದ್ದೆ. ಮೇಲುಗಡೆ ದೊಡ್ಡದಾಗಿ ‘ಧನ ತ್ರಯೋದಶಿ’. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಇತ್ತು. ಇನ್ನೂ ಸ್ವಲ್ಪ ದಪ್ಪ ಇರಲಿ ಅಂತ ಬಿ ಬಟನ್ ಒತ್ತಿದೆ, ಅದರ ಮೇಲೊಂದು ಔಟ್‌ಲೈನೂ ಕೊಟ್ಟೆ. ಫೋನಿಗೆ ಹೋಗುವಷ್ಟರಲ್ಲಿ ‘ಧ’ದ ಕೆಳಗಿನ ಸೀಳು ಮುಚ್ಚಿಕೊಂಡು ‘ದನ ತ್ರಯೋದಶಿ’ ಆಗಿತ್ತು. ಮೊದಲು ನೋಡಿ ಫೋನ್ ಮಾಡಿದ್ದು ಅವಳ ಅತ್ತೆ. ಹಬ್ಬದ ದಿನ ಅವರಿಗೆಲ್ಲ ಬೇಜಾರಾಯಿತಲ್ಲ ಅನ್ನೋದು ನನಗೆ ಇವತ್ತಿಗೂ ಮನಸ್ಸಿನಲ್ಲಿದೆ.

ಆಮೇಲೆ ಕೂತು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಂಗಡಿಗೆ, ಸಂಘಕ್ಕೆ, ಯೂಟ್ಯೂಬ್ ಚಾನೆಲ್ಲಿಗೆ ನೀವೇ ಪೋಸ್ಟರ್ ಮಾಡುವವರಾದರೆ ಉಪಯೋಗಕ್ಕೆ ಬರುತ್ತದೆ.

ಇಂಗ್ಲಿಷ್ ಅಕ್ಷರಗಳನ್ನು ಎಷ್ಟು ದಪ್ಪ ಮಾಡಿದರೂ ಬಹಳಷ್ಟು ಸಲ ಓದಿಸಿಕೊಳ್ಳುತ್ತವೆ. ಕನ್ನಡದ್ದು ಹಾಗಲ್ಲ. ಒಂದೇ ಅಕ್ಷರದಲ್ಲಿ ತಲೆಕಟ್ಟು, ಹೊಟ್ಟೆ, ಸೀಳು, ಕೊಂಬು, ಕೆಳಗೊಂದು ಒತ್ತು, ಇಷ್ಟೂ ಇರುತ್ತದೆ. ‘ಪ’ದ ಹೊಟ್ಟೆ ಸೀಳಿದರೆ ‘ಷ’. ‘ರ’ದ ಹೊಟ್ಟೆಯಲ್ಲಿ ಚುಕ್ಕಿ ಇಟ್ಟರೆ ‘ಠ’. ಆ ಸಣ್ಣ ಗೆರೆ, ಆ ಸಣ್ಣ ಚುಕ್ಕಿಯಲ್ಲೇ ಅರ್ಥ ಇರುವುದು. ಅದಕ್ಕೇ ಫಾಂಟ್ ಮಾಡುವವರು ದಪ್ಪ ತೂಕವನ್ನು (ತೂಕ ಅಂದರೆ ಅಕ್ಷರದ ಗೆರೆ ಎಷ್ಟು ದಪ್ಪ ಅನ್ನೋದು, ಅಂಕಿ ಹೆಚ್ಚಿದಷ್ಟೂ ದಪ್ಪ) ಬೇರೆಯಾಗಿ ಬರೆಯುತ್ತಾರೆ, ಇಕ್ಕಟ್ಟಾದ ಕಡೆ ಗೆರೆಯನ್ನು ಸಣ್ಣ ಮಾಡಿ ಒಳಗೆ ಜಾಗ ಉಳಿಸುತ್ತಾರೆ. ದಪ್ಪ ತೂಕವೇ ಇಲ್ಲದ ಫಾಂಟಿಗೆ ಬಿ ಬಟನ್ ಒತ್ತಿದರೆ ಸಾಫ್ಟ್‌ವೇರ್ ಇದ್ದ ಗೆರೆಯನ್ನೇ ಎಲ್ಲ ಕಡೆ ಒಂದೇ ಸಮ ಉಬ್ಬಿಸುತ್ತದೆ, ಅಷ್ಟೇ. ಆದ್ದರಿಂದ ಬಿ ಬಟನ್ ಮರೆತುಬಿಡಿ. ಫಾಂಟಿನ ಪಟ್ಟಿಯಲ್ಲಿ ಬೋಲ್ಡ್, ಎಕ್ಸ್‌ಟ್ರಾಬೋಲ್ಡ್ ಅಂತ ಹೆಸರಿದ್ದರೆ ಮಾತ್ರ ಅದನ್ನು ಆರಿಸಿ.

ಹುಡುಕೋದು ಎಲ್ಲಿ? ಗೂಗಲ್ ಫಾಂಟ್ಸ್‌ಗೆ ಹೋಗಿ ಭಾಷೆ ಕನ್ನಡ ಎಂದು ಹಾಕಿ. ನಾನು ಜಾಸ್ತಿ ಬಳಸುವುದು ಎರಡೇ ಫಾಂಟ್, ಎರಡೂ ಮುಂಬೈನ ಏಕ್ ಟೈಪ್ ತಂಡದವು. ಬಲೂ ತಮ್ಮ 2 ದುಂಡಗೆ, ಮೆತ್ತಗೆ ಇದೆ. 400ರಿಂದ 800ರವರೆಗೆ ತೂಕ ಸಿಗುತ್ತದೆ. ಸಿಹಿತಿಂಡಿ, ಮಕ್ಕಳ ಬಟ್ಟೆ, ಹೋಟೆಲ್ ಊಟಕ್ಕೆ ಇದು ಹೇಳಿ ಮಾಡಿಸಿದಂತಿದೆ, ಆಸ್ಪತ್ರೆಗೋ ಬ್ಯಾಂಕಿಗೋ ಒಪ್ಪುವುದಿಲ್ಲ. ಇನ್ನೊಂದು 2022ರಲ್ಲಿ ಬಂದ ಅನೇಕ್ ಕನ್ನಡ. ತೂಕ 100ರಿಂದ 800. ಇದರ ಅಗಲವನ್ನೂ ಸಾದಾ ಅಗಲದ ಶೇ 75ರಿಂದ 125ರವರೆಗೆ ಬದಲಿಸಬಹುದು. ನಮ್ಮ ಪದಗಳು ಉದ್ದ ಅಲ್ವಾ, ಜಾಗ ಸಾಲದಿದ್ದಾಗ ಮೌಸಿನಲ್ಲಿ ಹಿಡಿದು ಅಕ್ಷರವನ್ನು ಹಿಂಡುವ ಬದಲು ಕಿರಿದಾದ ಅಗಲ ಆರಿಸಿದರೆ ರೂಪ ಕೆಡುವುದಿಲ್ಲ. ಗಂಭೀರವಾಗಿ ಕಾಣಬೇಕಾದರೆ ನೋಟೋ ಸಾನ್ಸ್ ಕನ್ನಡ ಇದೆ, 900ರವರೆಗೂ ಹೋಗುತ್ತದೆ. ಅಕಾಯ ಕನಡಕ ಕೈಯಲ್ಲಿ ಬರೆದ ಹಾಗಿದ್ದು ಬಲು ಚೆಂದ, ಆದರೆ ಇರುವುದು ಒಂದೇ ತೂಕ. ಇದ್ದ ಹಾಗೇ ದೊಡ್ಡದು ಮಾಡಿ ಬಳಸಿ. ಈ ನಾಲ್ಕೂ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿವೆ, ಜಾಹೀರಾತಿಗೆ ಬಳಸಲು ದುಡ್ಡು ಕೊಡಬೇಕಿಲ್ಲ.

ಫಾಂಟ್ ಆರಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ‘ಧನಲಕ್ಷ್ಮಿ, ಸ್ತ್ರೀ, ರಾಷ್ಟ್ರ, ಷೋಡಶ, ಮಠ, ಅಣ್ಣನಿಗೆ ₹1,499’ ಎಂದು ಟೈಪ್ ಮಾಡಿ. ಧ, ಷ, ಠ ತಾವು ತಾವಾಗಿಯೇ ಕಾಣಬೇಕು, ‘ಸ್ತ್ರೀ’ಯ ಎರಡೂ ಒತ್ತು ಬಿಡಿಬಿಡಿಯಾಗಿ ನಿಲ್ಲಬೇಕು. ರೂಪಾಯಿ ಚಿಹ್ನೆ, ಅಂಕಿಗಳು ಅಕ್ಷರದಷ್ಟೇ ದಪ್ಪ ಇವೆಯಾ ನೋಡಿ. ಎಷ್ಟೋ ಫಾಂಟುಗಳಲ್ಲಿ ಅಂಕಿ ಬೇರೆ ಮನೆಯಿಂದ ಬಂದ ಹಾಗಿರುತ್ತದೆ, ಸೇಲ್ ಪೋಸ್ಟರಿನಲ್ಲಿ ಜನ ಮೊದಲು ನೋಡುವುದೇ ಬೆಲೆ. ಆಮೇಲೆ ಅದನ್ನು ಚಿತ್ರ ಮಾಡಿ ನಿಮ್ಮದೇ ಇನ್ನೊಂದು ನಂಬರಿಗೆ ವಾಟ್ಸಾಪಿನಲ್ಲಿ ಕಳಿಸಿ, ಯಾಕಂದ್ರೆ ವಾಟ್ಸಾಪ್ ಚಿತ್ರವನ್ನು ಕುಗ್ಗಿಸುತ್ತದೆ. ಬಂದದ್ದನ್ನು ಬಿಸಿಲಿನಲ್ಲಿ ನಿಂತು, ಕೈ ಚಾಚಿ ಹಿಡಿದು ಓದಿ. ಮನೆಯಲ್ಲಿ ಕನ್ನಡಕ ಹಾಕುವ ಹಿರಿಯರಿದ್ದರೆ ಅವರಿಂದ ಜೋರಾಗಿ ಓದಿಸಿ. ನಾನೀಗ ಪ್ರತಿ ಪೋಸ್ಟರನ್ನೂ ಮೊದಲು ಗೆಳತಿಯ ಅತ್ತೆಗೇ ಕಳಿಸುತ್ತೇನೆ.

ಫೋಟೋಶಾಪಿನಲ್ಲಿ ‘ಅಮ್ಮ’ ಎಂದು ಹಾಕಿದರೆ ‘ಅಮ್‌ಮ’ ಎಂದು ಒಡೆದು ಕಾಣುತ್ತಿದೆಯಾ? ತಪ್ಪು ಫಾಂಟಿನದ್ದಲ್ಲ. ಹಳೆಯ ಆವೃತ್ತಿಯಾದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷಿಯನ್ ಆರಿಸಿ. ಇಲ್ಲಸ್ಟ್ರೇಟರಿನಲ್ಲಿ ಅದೇ ಜಾಗದಲ್ಲಿ ಶೋ ಇಂಡಿಕ್ ಆಪ್ಷನ್ಸ್ ಇದೆ. ಇನ್‌ಡಿಸೈನಿನಲ್ಲಿ ಪ್ಯಾರಾಗ್ರಾಫ್ ಮೆನುವಿನ ವರ್ಲ್ಡ್-ರೆಡಿ ಕಂಪೋಸರ್. ಇದು ಗೊತ್ತಿಲ್ಲದೆ ಎಷ್ಟೋ ಜನ ಇನ್ನೂ ಹಳೆಯ ಆಸ್ಕಿ ಫಾಂಟಿನಲ್ಲೇ, ಅಂದರೆ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ರೂಪ ಕೂರಿಸಿದ ಫಾಂಟಿನಲ್ಲೇ, ಉಳಿದಿದ್ದಾರೆ. ಆ ಪಠ್ಯವನ್ನು ಕಾಪಿ ಮಾಡಿ ಪೋಸ್ಟಿನ ವಿವರಕ್ಕೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತವೆ. ಕನ್ನಡ ಅಕ್ಷರಕ್ಕೆ ಅದರದೇ ಸಂಕೇತ ಇರುವ ಯೂನಿಕೋಡಿಗೆ ಬನ್ನಿ.

ಎರಡು ಸಾಲಿನ ಶೀರ್ಷಿಕೆಯಲ್ಲಿ ಸಾಲಿನ ಅಂತರ ನೋಡಿಕೊಳ್ಳಿ. ಮೇಲೆ ‘ಲಕ್ಷ್ಮಿ ಹಬ್ಬಕ್ಕೆ’, ಕೆಳಗೆ ‘ರೇಷ್ಮೆ ಸೀರೆ’ ಎಂದು ಇಟ್ಟರೆ ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿನ ತಲೆಗೆ ತಾಗುತ್ತವೆ. ಇಂಗ್ಲಿಷ್ ಶೀರ್ಷಿಕೆಗೆ ಅಕ್ಷರದ ಅಳತೆಯ 1.1 ಪಟ್ಟು ಸಾಕಾಗುವ ಕಡೆ ನಾನು ಕನ್ನಡಕ್ಕೆ 1.3 ಇಲ್ಲವೇ 1.4 ಇಡುತ್ತೇನೆ. ಅಕ್ಷರಗಳ ನಡುವಿನ ಅಂತರವನ್ನಂತೂ ಮುಟ್ಟಬೇಡಿ, ಬಿಡಿಸಿಟ್ಟರೆ ಪದ ಒಂದಾಗಿ ಕಾಣುವುದಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಮಾತು. ‘ವಿಶೇಷ ರಿಯಾಯಿತಿ ದರದಲ್ಲಿ ಲಭ್ಯವಿದೆ’ ಎಂಬುದನ್ನು ಯಾವ ದಪ್ಪ ಫಾಂಟಿನಲ್ಲಿ ಹಾಕಿದರೂ ಅದು ಕಣ್ಣಿಗೆ ಹೊಡೆಯುವುದಿಲ್ಲ, ಅಷ್ಟು ಉದ್ದದ ಸಾಲು ಹಿಡಿಸಬೇಕು ಅಂತ ಅಕ್ಷರವನ್ನು ಸಣ್ಣ ಮಾಡಬೇಕಾಗುತ್ತದೆ. ‘ಅರ್ಧ ಬೆಲೆ’ ಎನ್ನಿ. ಎರಡೇ ಪದ, ಪೋಸ್ಟರಿನ ಅರ್ಧ ತುಂಬುವಷ್ಟು ದೊಡ್ಡದಾಗಿ ಇಡಬಹುದು. ಫೇಸ್‌ಬುಕ್ ಜಾಹೀರಾತಿನ ಚಿತ್ರದಲ್ಲಿ ಅಕ್ಷರ ಶೇ 20 ಮೀರಬಾರದು ಎಂಬ ನಿಯಮವನ್ನೂ 2020ರಲ್ಲೇ ತೆಗೆದಿದ್ದಾರೆ. ದಪ್ಪ ತೂಕ ಆ ಒಂದು ಮಾತಿಗೆ ಮಾತ್ರ. ವಿಳಾಸ, ಫೋನ್ ನಂಬರ್, ಷರತ್ತು ಎಲ್ಲ ಸಾದಾ ತೂಕದಲ್ಲಿರಲಿ. ಎಲ್ಲವೂ ದಪ್ಪವಾದರೆ ಯಾವುದೂ ದಪ್ಪ ಕಾಣುವುದಿಲ್ಲ.

ಬಣ್ಣದಲ್ಲಿ ರಾಜ್ಯೋತ್ಸವದ್ದೇ ಉದಾಹರಣೆ ತಗೊಳ್ಳಿ. ನವೆಂಬರ್ ಬಂದರೆ ಎಲ್ಲರದೂ ಹಳದಿ ಕೆಂಪು. ಪೂರ್ತಿ ಕೆಂಪಿನ ಮೇಲೆ ಪೂರ್ತಿ ಹಳದಿ ಇಟ್ಟರೆ ಎರಡರ ಬೆಳಕಿನ ವ್ಯತ್ಯಾಸ (ಕಾಂಟ್ರಾಸ್ಟ್) ಸುಮಾರು 3.7ಕ್ಕೆ 1. ವೆಬ್ ಮಾನದಂಡದ ಪ್ರಕಾರ ದೊಡ್ಡ ಅಕ್ಷರಕ್ಕೆ 3 ಸಾಕು, ಸಣ್ಣದಕ್ಕೆ 4.5 ಬೇಕು. ಅಂದರೆ ಶೀರ್ಷಿಕೆ ಪಾಸು, ಕೆಳಗಿನ ಸಣ್ಣ ಸಾಲು ಫೇಲು. ಕೆಂಪನ್ನು ಕುಂಕುಮದಷ್ಟು ಗಾಢ ಮಾಡಿ, ಎರಡೂ ಸರಿಹೋಗುತ್ತವೆ.

ಔಟ್‌ಲೈನ್ ಬೇಕೇ ಬೇಕು ಅಂದ್ರೆ ಅಕ್ಷರದ ಪದರದ ಇನ್ನೊಂದು ಪ್ರತಿ ಮಾಡಿ, ಹಿಂದಿನದಕ್ಕೆ ಮಾತ್ರ ಗೆರೆ ಕೊಡಿ. ಆಗ ಮುಂದಿನ ಅಕ್ಷರದ ರೂಪಕ್ಕೆ ಏನೂ ಆಗುವುದಿಲ್ಲ. ಆದರೂ ಗೆರೆ ತೆಳ್ಳಗಿರಲಿ, ಸೀಳಿನೊಳಗೆ ಹಿಂದಿನ ಗೆರೆಯ ಬಣ್ಣ ತುಂಬಿಕೊಳ್ಳುತ್ತದೆ. ಯೂಟ್ಯೂಬ್ ಥಂಬ್‌ನೇಲ್ 1280×720 ಅಳತೆಯಲ್ಲಿ ಮಾಡುವಾಗ ಬಲಗಡೆ ಕೆಳಮೂಲೆ ಖಾಲಿ ಬಿಡಿ, ವಿಡಿಯೋದ ಸಮಯ ಬಂದು ಕೂರುವುದು ಅಲ್ಲೇ. ವೆಬ್‌ಸೈಟಿಗಾದರೆ ಬೇಕಾದ ಒಂದೇ ತೂಕವನ್ನು ವಾಫ್2 (WOFF2, ವೆಬ್ಬಿಗಾಗಿ ಕುಗ್ಗಿಸಿದ ಫಾಂಟ್ ಫೈಲ್) ರೂಪದಲ್ಲಿ ಹಾಕಿ, ಫಾಂಟ್ ಡಿಸ್‌ಪ್ಲೇ ಸ್ವಾಪ್ (font-display: swap) ಎಂದು ಕೊಡಿ. ಹಳ್ಳಿಯ ನಿಧಾನದ ನೆಟ್‌ವರ್ಕಿನಲ್ಲೂ ಫಾಂಟ್ ಬರುವವರೆಗೆ ಫೋನಿನದೇ ಕನ್ನಡದಲ್ಲಿ ಶೀರ್ಷಿಕೆ ಕಾಣುತ್ತಿರುತ್ತದೆ.